ಆರು ಕರಿಚೀಟಿಗಳು

ಲೆನಿನ್‌ಗ್ರಾಡ್
೯ ಮಾರ್ಚ್ ೧೯೬೪

ನನ್ನ ಪ್ರೀತಿಯ ತೀಷಾ,

ನಿನ್ನ ಪತ್ರ ನವೆಂಬರಿನಲ್ಲೇ ಬಂತು. ನಾಲ್ಕು ತಿಂಗಳು ಉತ್ತರ ಬರೆಯದೆ ಕೂತ ಈ ಮುದುಕಿಯನ್ನು ಕ್ಷಮಿಸು. ಮೊಣಕಾಲು ನೋವು, ಪುಸ್ತಕದ ಕರಡು ತಿದ್ದುವ ಕೆಲಸ, ಅಡುಗೆಮನೆಯಲ್ಲಿ ಪಕ್ಕದ ಕೋಣೆಯವರೊಂದಿಗೆ ಒಲೆಗಾಗಿ ಜಗಳ, ನೆಪಗಳಿಗೇನೂ ಬರವಿಲ್ಲ. ನಿಜ ಹೇಳಬೇಕೆಂದರೆ ನಿನ್ನ ಪ್ರಶ್ನೆಗೆ ಹೆದರಿ ಬರೆಯಲಿಲ್ಲ.

ಮೊದಲು ಸಂತೋಷದ ಮಾತು. ಹೆಣ್ಣುಮಗು ಹುಟ್ಟಿತೆಂದು ಓದಿ ಒಬ್ಬಳೇ ಕೂತು ಒಂದು ಲೋಟ ಚೆರ್ರಿ ಮದ್ಯ ಕುಡಿದೆ. ಮಗುವಿಗೆ ನನ್ನ ಹೆಸರಿಡುತ್ತೇವೆ ಎಂದಿದ್ದೀಯೆ. ಇನ್ನೂ ಇಟ್ಟಿರದಿದ್ದರೆ ಬೇಡ ಮಾರಾಯ. ಅಗ್ನಿಯಾ ಎಂಬ ಹೆಸರನ್ನು ಅರವತ್ತೆಂಟು ವರ್ಷ ಹೊತ್ತವಳು ಹೇಳುತ್ತಿದ್ದೇನೆ, ಅದರಲ್ಲಿ ಏನೂ ಸುಖವಿಲ್ಲ. ನಿನ್ನ ತಾಯಿಯ ಹೆಸರಿಡು. ಉಸ್ತಿನ್ಯಾ ಎಂದರೆ ಹಳ್ಳಿಯ ಹೆಸರು ಎಂದು ನಿನ್ನ ಹೆಂಡತಿ ಮೂಗು ಮುರಿದರೆ ಮುರಿಯಲಿ.

ಕೋತ್ಲಾಸ್‌ನ ಶಾಲೆಯಲ್ಲಿ ವಾರಕ್ಕೆ ಮೂವತ್ತು ಪಾಠ, ಮೇಲೆ ಗೋಡೆಪತ್ರಿಕೆಯ ಕೆಲಸ ಬೇರೆ ಎಂದು ಓದಿ ಸಂಕಟವಾಯಿತು. ನವ್ಗೊರೊದದ ಉತ್ಖನನದ ಕೆಸರಿನಿಂದ ಭೂರ್ಜದ ತೊಗಟೆಯ ಓಲೆ ಬಿಡಿಸಿ, ಎಂಟುನೂರು ವರ್ಷದ ಹಿಂದೆ ಯಾರೋ ಗೀಚಿದ್ದನ್ನು ನಾವೆಲ್ಲ ನೋಡುವ ಮೊದಲೇ ಓದಿ ಮುಗಿಸುತ್ತಿದ್ದವನು ನೀನು. ಈಗ ಐದನೇ ತರಗತಿಯ ಮಕ್ಕಳ ಕಾಗೆಕಾಲು ಓದುತ್ತಿದ್ದೀಯೆ.

ಇನ್ನೊಂದು ಸುದ್ದಿ. ನಮ್ಮ ವಿಭಾಗದ ಪೊರ್ಫೀರಿ ನಿಕಾನೊರೊವಿಚ್ ತೀರಿಕೊಂಡರು, ಜನವರಿ ಹದಿನೆಂಟಕ್ಕೆ. "ಆ ಮುದುಕ ಸತ್ತ ದಿನ ತಿಳಿಸಿ, ಒಂದು ಬಾಟಲಿ ಒಡೆಯುತ್ತೇನೆ" ಎಂದು ಬರೆದಿದ್ದೆಯಲ್ಲ. ತಿಳಿಸುತ್ತಿದ್ದೇನೆ. ನೆಲ ಕಲ್ಲಿನಂತೆ ಹೆಪ್ಪುಗಟ್ಟಿತ್ತು, ಗುಂಡಿ ತೋಡುವವರು ಬೆಂಕಿ ಹಾಕಿ ಕರಗಿಸುತ್ತಿದ್ದರು. ಅಷ್ಟು ಹೊತ್ತೂ ನಾವು ಹತ್ತು ಹದಿನೈದು ಮಂದಿ ಹಿಮದಲ್ಲಿ ನಿಂತಿದ್ದೆವು. ಯಾರ ಭಾಷಣವೂ ನೆನಪಿಲ್ಲ, ಕಾಲು ಮರಗಟ್ಟಿದ್ದು ಮಾತ್ರ ನೆನಪಿದೆ.

ನೀನು ಕೇಳಿದ್ದು ಒಂದೇ ಮಾತು: ನಿನ್ನ ಸಂಶೋಧನಾ ಪ್ರಬಂಧಕ್ಕೆ ವಿರುದ್ಧವಾಗಿ ಗುಪ್ತ ಚೀಟಿ ಹಾಕಿದ ಆರು ಜನ ಯಾರು? ಅವತ್ತು ಸಭೆಯಲ್ಲಿ ಕೂತಿದ್ದು ಹದಿನೈದು ಜನ. ಪದವಿಗೆ ಹತ್ತು ಮತ ಬೇಕಿತ್ತು, ಬಂದದ್ದು ಒಂಬತ್ತು. ನನ್ನ ಚೀಟಿ ನಿನ್ನ ಪರವಾಗಿತ್ತು. ಯುದ್ಧದಲ್ಲಿ ಊರಿಗೆ ಮುತ್ತಿಗೆ ಬಿದ್ದ ಹಸಿವಿನ ದಿನಗಳಲ್ಲಿ ತಿಂದ ರೊಟ್ಟಿಯಾಣೆ, ಅದಕ್ಕಿಂತ ದೊಡ್ಡ ಆಣೆ ಈ ಊರಿನಲ್ಲಿ ಯಾರಿಗೂ ಗೊತ್ತಿಲ್ಲ.

ನೀನು ಪೊರ್ಫೀರಿಯನ್ನೇ ಅನುಮಾನಿಸಿದೆ, ಅವರೇ ಗುಂಪು ಕಟ್ಟಿದರೆಂದೆ. ಕಾರಣ ಅವರು ತುಂಬಿದ ಸಭೆಯಲ್ಲಿ ಕೇಳಿದ ಆ ಪ್ರಶ್ನೆ. ಮೂವತ್ತು ವರ್ಷ ನಾನು ಬರೆದದ್ದೂ ಕಲಿಸಿದ್ದೂ ಇಷ್ಟೇ ತಾನೆ: ನವ್ಗೊರೊದದ ಸೀಮೆಯಲ್ಲಿ ಹೆಣ ಬಿದ್ದು ಕೊಂದವನು ಸಿಗದಿದ್ದರೆ, ಇಡೀ ಊರು ದಂಡವನ್ನು ಹಂಚಿಕೊಂಡು ಹೊರುತ್ತಿತ್ತು, ಊರೆಂದರೆ ಅಣ್ಣತಮ್ಮಂದಿರ ಕೂಟ. ನೀನು ಎರಡು ತೊಗಟೆ ಓಲೆ ಹಿಡಿದು ಬಂದೆ. ಊರು ದಂಡ ಹೊರುತ್ತಿರಲಿಲ್ಲ, ದಿಕ್ಕಿಲ್ಲದ ಒಬ್ಬನನ್ನು ಆರಿಸಿ ಇವನೇ ಕೊಲೆಗಾರ ಎಂದು ಒಪ್ಪಿಸಿಬಿಡುತ್ತಿತ್ತು ಎಂದೆ. ಆಗ ಪೊರ್ಫೀರಿ ಎದ್ದು ನಿಂತರು.

"ಅಲ್ಲಯ್ಯಾ, ಎರಡೇ ಎರಡು ಓಲೆ ಇಟ್ಕೊಂಡು ಮುನ್ನೂರು ವರ್ಷದ ಸಮಾಜನೇ ಬೋರಲು ಹಾಕ್ತೀಯಲ್ಲ! ಎರಡು ಕಾಗೆ ಕೂಗಿದ್ರೆ ಚಳಿಗಾಲ ಬಂತು ಅಂತೀಯಾ?"

ಎಲ್ಲರೂ ನಕ್ಕರು. ನೀನು ಕೆಂಪಾದೆ. ಆದರೆ ಅದು ಅವರ ಹುಟ್ಟುಗುಣ, ಮೆಚ್ಚಿದವರನ್ನೇ ಕುಟುಕುತ್ತಿದ್ದರು. ನನ್ನ ಪುಸ್ತಕದ ಬಗ್ಗೆ ಅವರು ಎಂದೂ ಒಂದು ತಮಾಷೆಯನ್ನೂ ಮಾಡಲಿಲ್ಲ.

ಆಮೇಲಿನ ಊಟವನ್ನು ನೆನೆದರೆ ಇವತ್ತಿಗೂ ತುತ್ತು ಇಳಿಯುವುದಿಲ್ಲ. ನನ್ನ ಕೋಣೆಯ ಬಾಗಿಲನ್ನೇ ಕಳಚಿ ಮೇಜಿಗೆ ಸೇರಿಸಿದ್ದೆವು. ನಿನ್ನ ತಾಯಿ ವೊಲೊಗ್ದಾದಿಂದ ರೈಲಿನಲ್ಲಿ ಎಲೆಕೋಸಿನ ಕಡುಬು, ಮೀನಿನ ಕಡುಬು ಹೊತ್ತು ತಂದಿದ್ದರು. ಫಲಿತಾಂಶ ಕೇಳಿದ ಮೇಲೆ ಯಾರಿಗೂ ಕಾಲೇಳಲಿಲ್ಲ. ಕಾರ್ಯದರ್ಶಿ ಫೈನಾ ಮಾತ್ರ, "ಮಾಡಿದ ಅಡುಗೆ ಹಾಳಾಗ್ಬಾರ್ದಲ್ವಾ, ಪಾಪ," ಎಂದಳು. ಅಷ್ಟೇ ಸಾಕಾಯಿತು, ಹದಿನೈದು ಜನವೂ ಬಂದರು. ನೀನು ಮೆಟ್ಟಿಲ ಮೇಲೆ ನನ್ನ ತೋಳು ಹಿಡಿದು, "ಅಮ್ಮಂಗೆ ಹೇಳ್ಬೇಡಿ, ಅಗ್ನಿಯಾ ಲೆಯೊಂತ್ಯೆವ್ನಾ, ನಾಳೆ ನಾನೇ ಹೇಳ್ತೀನಿ," ಎಂದೆ.

ಆಕೆ ತಟ್ಟೆ ಹಿಡಿದು ಒಬ್ಬೊಬ್ಬರ ಹಿಂದೆಯೂ ಬಂದು ಬಡಿಸಿದರು. "ತಿನ್ನಿ, ತಿನ್ನಿ, ನಾಚ್ಕೋಬೇಡಿ. ನನ್ ಮಗನ್ನ ಮನುಷ್ಯನ್ನಾಗಿ ಮಾಡಿದೋರು ನೀವು!" ಎಂದರು. ಆರು ಜನರೂ ತಿಂದರು, ಎರಡೆರಡು ಸಲ ಹಾಕಿಸಿಕೊಂಡರು. ವಿಜ್ಞಾನಕ್ಕೆಂದು ಲೋಟ ಎತ್ತಿದರು. ನಿನ್ನ ತಾಯಿ ನನ್ನ ಕೈಗೆ ಮುತ್ತಿಟ್ಟರು, ಕೈಗೆ ಹಿಟ್ಟು ಮೆತ್ತಿಕೊಂಡಿತು.

ಈಗ ಪೊರ್ಫೀರಿಯ ಮಾತು. ಸಾಯುವ ವಾರ ಆಸ್ಪತ್ರೆಗೆ ಹೋಗಿದ್ದೆ. ದಿಂಬಿನ ಕೆಳಗಿಂದ ನೀನು ಅವರಿಗೆ ಬರೆದ ಪತ್ರ ತೆಗೆದು ತೋರಿಸಿದರು. ತೀಷಾ, ಅಂಥ ಮಾತುಗಳು ನಿನ್ನ ಲೇಖನಿಯಿಂದ ಬರುತ್ತವೆಂದು ನಾನು ತಿಳಿದಿರಲಿಲ್ಲ. ನಾಯಿಯ ಸಾವು ಬರಲಿ ಎಂದಿದ್ದೆ. ಅವರು ಸಿಟ್ಟಾಗಲಿಲ್ಲ.

"ಹುಡುಗ ನಾನೇ ಅಂದ್ಕೊಂಡಿದಾನೆ ಕಣಮ್ಮ. ನೀನು ಹೇಳಿದ್ದಕ್ಕೆ ತಾನೆ ನಾನೊಂದು ಕರಿಚೀಟಿ ಹಾಕಿದ್ದು? ಒಂದೇ ಒಂದು. ಉಳಿದ ಐದು ಯಾರದ್ದೋ ದೇವರಿಗೇ ಗೊತ್ತು. ಅವನಿಗೊಂದು ಸಾಲು ಬರೀತೀಯಾ?"

ಬರೆಯುತ್ತೇನೆ ಎಂದೆ. ಬರೆಯುತ್ತಿದ್ದೇನೆ. ನಮ್ಮಲ್ಲಿ ನಡೆದುಬಂದ ಪದ್ಧತಿ ನಿನಗೂ ಗೊತ್ತು. ಎಲ್ಲರೂ ಒಪ್ಪಿದರೆ ಪದವಿ ಮಂಜೂರು ಮಾಡುವ ಮಾಸ್ಕೋದವರಿಗೆ ಅನುಮಾನ, ಏನೋ ಒಳಸಂಚು ಇದೆ ಎಂದು ಕಡತ ಕೆದಕುತ್ತಾರೆ. ಆದ್ದರಿಂದ ಮಾರ್ಗದರ್ಶಕರಾದವರು ಗೆಳೆಯನೊಬ್ಬನನ್ನು ಮೂಲೆಗೆ ಕರೆದು, ದೃಷ್ಟಿಬೊಟ್ಟಿನ ಹಾಗೆ ಒಂದು ಚೀಟಿ ವಿರುದ್ಧ ಹಾಕಿ ಎಂದು ಬೇಡಿಕೊಳ್ಳುತ್ತಾರೆ. ಯಾರನ್ನು ಕೇಳಿದರೆಂದು ಅಭ್ಯರ್ಥಿಗೆ ಹೇಳುವುದಿಲ್ಲ. ಪೊರ್ಫೀರಿ ನಾನು ಕೇಳಿದ್ದಕ್ಕೆ, ನಿನ್ನ ಒಳ್ಳೆಯದಕ್ಕೆಂದು ಹಾಕಿದರು. ನೀನು ಶಪಿಸಿದ್ದು ನಿನ್ನ ಹಿತೈಷಿಯನ್ನು.

ಉಳಿದವರನ್ನು ಹುಡುಕಬೇಡ. ಪ್ರಬಂಧವನ್ನು ಮತ್ತೆ ಕೊಡು, ಬೇರೆ ಊರಿನಲ್ಲಿ ಕೊಡು, ಮೂರನೆಯ ಅಧ್ಯಾಯವನ್ನು ಒಂದಕ್ಷರವೂ ಬದಲಿಸದೆ ಕೊಡು. ಮಗುವಿಗೆ ಹಲ್ಲು ಬರುವ ಕಾಲ, ಜ್ವರ ಬಂದರೆ ಗಾಬರಿಯಾಗಬೇಡಿ. ನಿನ್ನ ಮನೆ ಬೆಚ್ಚಗಿರಲಿ, ನಿನ್ನ ಕಣ್ಣು ಚುರುಕಾಗಿರಲಿ, ನಿನ್ನ ಮಗಳು ನಮ್ಮಂಥವರ ಕೈಗೆ ಸಿಗದೆ ಬೆಳೆಯಲಿ.

ನಿನ್ನ
ಅಗ್ನಿಯಾ ಲೆಯೊಂತ್ಯೆವ್ನಾ

ತಾ.ಕ.: ಲಕೋಟೆ ಅಂಟಿಸಿದವಳು ಮತ್ತೆ ಹರಿದು ತೆಗೆದೆ. ನೀನು ಕೇಳಿದ್ದು ಆರು ಹೆಸರು. ಒಂದು ಸಾಕು, ನನ್ನದು. ಆರು ಜನರನ್ನೂ ಬೇರೆ ಬೇರೆ ದಿನ, ಬೇರೆ ಬೇರೆ ಕಡೆ ಕಂಡು, "ನೀವೊಬ್ಬರು ಹಾಕಿ ಸಾಕು, ಹುಡುಗನಿಗೆ ಉಪಕಾರವಾಗುತ್ತೆ," ಎಂದು ಬೇಡಿಕೊಂಡವಳು ನಾನು. ಆರೂ ಜನ ನಿನಗೆ ಉಪಕಾರ ಮಾಡಿದೆವೆಂದುಕೊಂಡೇ ಡಬ್ಬಿಗೆ ಹಾಕಿದರು. ಎಣಿಕೆ ಮುಗಿದಾಗ ಒಬ್ಬರ ಮುಖ ಒಬ್ಬರು ನೋಡಿದರೇ ಹೊರತು ಯಾರೂ ಬಾಯಿ ಬಿಡಲಿಲ್ಲ. ಐದು ಸಾಲದು ಎಂದು ಗೊತ್ತಿದ್ದೇ ಕೊನೆಗೆ ಪೊರ್ಫೀರಿಯ ಬಳಿ ಹೋದೆ. ಅವರು, "ಹುಡುಗನ ಕೆಲಸ ಚಿನ್ನದಂಗಿದೆ, ನನ್ ಕೈಲಾಗಲ್ಲ, ಬೇರೆ ಯಾರಿಗಾದ್ರೂ ಹೇಳು," ಎಂದರು. ನಿಮ್ಮಷ್ಟು ನಂಬಿಕಸ್ಥರು ಯಾರಿದ್ದಾರೆ ಎಂದು ಕಣ್ಣೀರು ಹಾಕಿದೆ.

ಯಾಕೆ ಎಂದು ಕೇಳುತ್ತೀಯೆ. ಮೂರನೆಯ ಅಧ್ಯಾಯದ ಅಡಿಟಿಪ್ಪಣಿಗಾಗಿ. "ನಮ್ಮ ಪೂಜ್ಯ ಗುರುಗಳು ತಮ್ಮ ಕಾಲದ ಮಿತಿಯಲ್ಲಿ ಸಾಧ್ಯವಿದ್ದಷ್ಟನ್ನು ಮಾಡಿದ್ದಾರೆ." ನನಗೆ ಸಂತೋಷವಾಗಲೆಂದು ನನ್ನೆದುರೇ ನಿಂತು ಓದಿದೆ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನೀನು ಕನಿಕರಪಟ್ಟೆ.

ಪೊರ್ಫೀರಿಯ ಹೆಂಡತಿಗೆ ಕ್ಷಮಾಪಣೆಯ ಪತ್ರ ಬರೆ. ಅದರಲ್ಲಿ ನನ್ನ ಹೆಸರೆತ್ತಬೇಡ. ಆಕೆ ಪ್ರತಿ ಭಾನುವಾರ ನನಗೆ ಬೀಟ್‌ರೂಟ್ ಸಾರು ತಂದುಕೊಡುತ್ತಾಳೆ, ನನಗೆ ಬೇರೆ ಯಾರೂ ಇಲ್ಲ.