ಕುರಿಮಂದೆಗೊಂದು ಹೊಲ

ಯಗಟಿ, ೧೯೭೯

ಗಿರಿಯಪ್ಪ ಮಾವನವರಿಗೆ ನಮಸ್ಕಾರ.

ನಮ್ಮೂರಿಗೆ ಡಾಂಬರು ರಸ್ತೆ ಬಂತು. ತೆಂಗಿನಕಾಯಿ ವ್ಯಾಪಾರಿಗಳು ಲಾರಿಯನ್ನು ತೋಟಕ್ಕೇ ತರುತ್ತಾರೆ, ಊರವರಿಗೆ ಖುಷಿ. ಅದೇ ರಸ್ತೆಯಲ್ಲಿ ಸರ್ಕಾರಿ ಗೊಬ್ಬರದ ಮೂಟೆಗಳೂ ಬರುತ್ತಿವೆ. ಹಿಂದೆಲ್ಲ ಕುರಿಹಿಕ್ಕೆಯ ಗೊಬ್ಬರಕ್ಕಾಗಿ ಹೊಲದವರೇ ಪೈಪೋಟಿಯಲ್ಲಿ ನಮ್ಮ ಮಂದೆಯನ್ನು ಕರೆದು, ರಾತ್ರಿ ಹೊಲದಲ್ಲಿ ನಿಲ್ಲಿಸಿಕೊಂಡು, ರಾಗಿ ಕೊಡುತ್ತಿದ್ದರು. ಈ ವರ್ಷ ಯಾರೂ ಕರೆಯಲಿಲ್ಲ.

ಮೊನ್ನೆ ಸಂಜೆ ಯಾರೂ ಕರೆಯದಿದ್ದರೂ ಅಪ್ಪನೇ ಹೋಗಿ ತೀರ್ಥಪ್ಪನವರ ಹೊಲದಲ್ಲಿ ಕುರಿ ನಿಲ್ಲಿಸಿದ. "ರಾಗಿ ಬ್ಯಾಡ ಕಣ್ರೀ, ಸುಮ್ನೆ ನಿಲ್ಲುಸ್ಕಳ್ಳಿ" ಅಂದ. ಅವರು ಮಂದೆಯನ್ನು ಎಬ್ಬಿಸಿ ಕಳಿಸಿದರು. ಅಪ್ಪ ಆ ರಾತ್ರಿ ಮಂದೆಯನ್ನು ಡಾಂಬರು ರಸ್ತೆಯ ಬದಿಯಲ್ಲೇ ನಿಲ್ಲಿಸಿಕೊಂಡು ಕಾದ.

ನಿಮ್ಮ ಅಜ್ಜಂಪುರದ ಕಡೆ ಮಂದೆ ನಿಲ್ಲಿಸಿಕೊಳ್ಳುವವರಿದ್ದರೆ ಬೇಗ ಬರೆಯಿರಿ. ನಿಮ್ಮೂರಿಗೂ ಡಾಂಬರು ಬರುತ್ತಿದ್ದರೆ ಅದನ್ನು ಮಾತ್ರ ಬರೆಯಬೇಡಿ. ನಿಮ್ಮ ಕಾಗದವನ್ನು ಅಪ್ಪನಿಗೆ ಓದಿ ಹೇಳಬೇಕಾದವಳು ನಾನು.

ನಿಮ್ಮ ಅಕ್ಕನ ಮಗಳು,
ಹುಲಿಯಮ್ಮ