ಅತ್ತಿಗೊಂದು ಜೋಕಾಲಿ

ಸಾಸ್ತೂರ

ಅಪ್ಪಾಜಿ, ಶರಣ್ರಿ.

ಎಲ್ಲಾರನ್ನೂ ಕೂಡಿಸಿಕೊಂಡು ಆಟ ಆಡಸೂದು ಹ್ಯಾಂಗ ಅನ್ನೂ ನನ್ನ ಆನ್‌ಲೈನ್ ಕಾಲೇಜು ಕೋರ್ಸು ಶುರು ಆತು. ನಿಮ್ಮ ಮನ್ಯಾಗ ಆಡದ ಬರೇ ನೋಡ್ಕೋತ ಕೂಡೋರು ಯಾರು ಅಂತ ಮೊದಲನೇ ಪಾಠದಾಗ ಕೇಳ್ಯಾರ. ನಾ ಶೇವಂತಾ ಅತ್ತಿ ಹೆಸರು ಬರದೆ. ಭೂಕಂಪದಾಗ ಕಾಲು ಹೋದಾಕಿ, ಪ್ರತಿ ಪಂಚಮಿಗೆ ನಾವು ಜೋಕಾಲಿ ಜೀಕೂತನಕಾ ನಮ್ಮ ಚಪ್ಪಲಿ ಕಾಯ್ಕೋತ ಕೂಡತಾಳ.

ಈ ಪಂಚಮಿಗೆ ಉದಗೀರದಿಂದ ಬರೂಮುಂದ ಹಗ್ಗ, ಬೆನ್ನಿಗೆ ಆಸರಾ ಇರೂ ಕುರ್ಚಿ ತರ್ರಿ. ಬೇವಿನ ಗಿಡಕ್ಕ ಕಟ್ಟೋಣು.

ನೆಲಕ್ಕ ಹತ್ತಿರ ಕಟ್ಟಿ ಸಾವಕಾಶ ತೂಗತೀವಿ ಅಂತ ಅತ್ತಿಗೆ ಹೇಳಿದೆ.

"ಹಂಗಿದ್ರ ಚಪ್ಪಲಿ ಕಾಯೂದೇ ಛಲೋ," ಅಂದ್ಳು.

ಅದಕ್ಕ ಹಗ್ಗ ಗಟ್ಟೀದು ನೋಡಿ ತರ್ರಿ. ನಿಮ್ಮ ತಂಗಿ ನಮ್ಮೆಲ್ಲಾರಕಿಂತಾ ಮ್ಯಾಲ ಹೋಗಾಕಿ ಇದ್ದಾಳ.

ನಿಮ್ಮ ಮಗಳು,
ಮೀನಲ