ಫೋಟೋಗೆ ಹಚ್ಚಿದ ಮಸಿ

ಮತದಾರರಲ್ಲಿ ಜಾಗೃತಿ ಮೂಡಿಸುವ ಮಾನ್ಯ ಅಧಿಕಾರಿಗಳೇ,

ನನ್ನ ಅಕ್ಷರ ಸೊಟ್ಟ, ಕಾಗುಣಿತವೂ ತಪ್ಪಿರಬಹುದು. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವಳು, ಕ್ಷಮಿಸಿ. ಆದರೆ ನಿಮ್ಮ ತಪ್ಪು ನನ್ನ ತಪ್ಪಿಗಿಂತ ದೊಡ್ಡದು. ಓಟು ಹಾಕಿ ಎಂದು ವಿದ್ಯಾರ್ಥಿನಿಯರನ್ನು ಹುರಿದುಂಬಿಸಲು ಬಂದ ನೀವೇ ಅವರ ಓಟು ತಪ್ಪಿಸಿದಿರಿ.

ನಾನು ವಿಶ್ವವಿದ್ಯಾಲಯದ ಹಾಸ್ಟೆಲಿನಲ್ಲಿ ತಟ್ಟೆ ತೊಳೆಯುತ್ತೇನೆ. ಅದರ ಹಿಂದಿನ ಗಲ್ಲಿಯಲ್ಲೇ ನಮ್ಮ ಮನೆ. ಗೆದ್ದರೆ ಆ ಗಲ್ಲಿ ಕೆಡವಿ ಗಾಡಿ ನಿಲ್ಲಿಸಲು ಜಾಗ ಮಾಡುತ್ತೇನೆ ಎಂದು ಒಬ್ಬ ಅಭ್ಯರ್ಥಿ ಮೈಕಿನಲ್ಲಿ ಕೂಗಿದ ದಿನದಿಂದ ಅಮ್ಮನ ಗಂಟಲಲ್ಲಿ ಅನ್ನ ಇಳಿಯುತ್ತಿಲ್ಲ. ಹಾಸ್ಟೆಲಿನ ವಿಳಾಸದಲ್ಲೇ ಓಟಿರುವ ಹುಡುಗಿಯರು ನಮ್ಮ ಗಲ್ಲಿಯವರಿಗಿಂತ ಹೆಚ್ಚು. ಆದರೆ ಯಾರೂ ಹಾಕುತ್ತಿರಲಿಲ್ಲ. ನಾಲ್ಕು ಜನರೆದುರು ಬಾಯಿ ಬಿಡದ ನಾನು, ನಲ್ಲಿ ಜೋರಾಗಿ ಬಿಟ್ಟುಕೊಂಡು, ಎಲ್ಲರಿಗಿಂತ ಕೊನೆಗೆ ತಟ್ಟೆ ತಂದಿಡುವ ಕನ್ನಡಕದ ಅಕ್ಕನನ್ನು, ಈ ಸಲ ಓಟು ಹಾಕಿ ನಮ್ಮ ಗಲ್ಲಿ ಉಳಿಸಿ ಎಂದು ಕೇಳಿಯೇಬಿಟ್ಟೆ.

“ನನ್ನೊಬ್ಬಳ ಓಟಿಂದ ಏನಾಗುತ್ತೆ, ಹೋಗೇ.”

“ಏನೂ ಆಗ್ದೇ ಇರಬಹುದು ಅಕ್ಕ. ನೀವು ಗಾಡಿ ನಿಲ್ಸೋ ಜಾಗದಲ್ಲಿ ನಮ್ಮ ಒಲೆ ಇತ್ತು ಅಂತ ನೆನಪಿಟ್ಕೊಳ್ಳಿ, ಸಾಕು.”

“ಎಲಾ ಇವಳ! ಬಾಯೇ ಇಲ್ಲ ಅಂದ್ಕೊಂಡಿದ್ದೆ,” ಎಂದು ನಕ್ಕ ಅಕ್ಕ, ಕೋಣೆ ಕೋಣೆಗೆ ಹೋಗಿ ಎಲ್ಲರನ್ನೂ ಒಪ್ಪಿಸಿದರು.

ಮತದಾನದ ಹಿಂದಿನ ದಿನ ನೀವು ಬಂದಿರಿ. ಪ್ರಜಾಪ್ರಭುತ್ವದ ಬಗ್ಗೆ ಭಾಷಣ ಮಾಡಿದಿರಿ. ಆಮೇಲೆ, ಫೋಟೋದಲ್ಲಿ ಚೆನ್ನಾಗಿ ಕಾಣುತ್ತದೆಂದು ಎಲ್ಲರ ಬೆರಳಿಗೂ ಮಸಿ ಹಚ್ಚಿಸಿದಿರಿ. ಮಾನ್ಯರೇ, ತೊಳೆದರೆ ಹೋಗುವ ಮಸಿ ನಿಮಗೆ ಎಲ್ಲೂ ಸಿಗಲಿಲ್ಲವೇ? ಮತಗಟ್ಟೆಯ ಮಸಿಯೇ ಬೇಕಿತ್ತೇ?

ಮರುದಿನ ಸಾಲಿನಲ್ಲಿ ಅಕ್ಕನ ಹಿಂದೆಯೇ ನಾನಿದ್ದೆ.

“ಏನಮ್ಮ, ಎರಡನೇ ಸಲ ಹಾಕೋಕೆ ಬಂದ್ರಾ? ಓದಿದೋರೇ ಹಿಂಗಾದ್ರೆ!” ಎಂದರು ಬೆರಳು ನೋಡುವವರು.

“ಸಾರ್, ಇದು ನಿನ್ನೆ ನಿಮ್ಮೋರೇ ಫೋಟೋಗೆ ಹಚ್ಚಿದ್ದು.”

“ಫೋಟೋಗಾ? ನಗಿಸ್ಬೇಡಿ, ಪಕ್ಕಕ್ಕೆ ಬನ್ನಿ.”

ಒಬ್ಬೊಬ್ಬರಾಗಿ ಎಲ್ಲ ಹುಡುಗಿಯರೂ ಪಕ್ಕಕ್ಕೆ ಸರಿದರು. ಮುಂದಿನ ಸಲ ಅವರನ್ನು ಯಾವ ಮುಖ ಇಟ್ಟುಕೊಂಡು ಕರೆಯಲಿ? ನಿಮ್ಮ ಫೋಟೋ ಮಾತ್ರ ಪತ್ರಿಕೆಯಲ್ಲಿ ಬಲು ಚೆನ್ನಾಗಿ ಬಂದಿದೆ. ಅದರಲ್ಲಿ ಎತ್ತಿ ತೋರಿಸಿರುವ ಒಂದು ಬೆರಳೂ ಓಟು ಹಾಕಿಲ್ಲ.

ಮತ ಎಣಿಕೆ ಇನ್ನೂ ಆಗಿಲ್ಲ. ತಪ್ಪು ನಮ್ಮದೇ ಎಂದು ಮೇಲಿನವರಿಗೆ ಬರೆದುಕೊಟ್ಟು, ಎಣಿಸುವ ಮುಂಚೆ ಆ ಹುಡುಗಿಯರಿಗೆ ಓಟು ಹಾಕಲು ಬಿಡಿ. ಕಾಲಿಗೆ ಬಿದ್ದು ಕೇಳುತ್ತೇನೆ, ನಮಗೆ ಬೇರೆ ಮನೆಯಿಲ್ಲ.

ಇವತ್ತು ಬೆಳಿಗ್ಗೆ ಅಕ್ಕ ತೊಟ್ಟಿಯ ಹತ್ತಿರ ಬಂದು ಬೆರಳು ಚಾಚಿದರು. ತಳ ಹಿಡಿದ ಪಾತ್ರೆ ಉಜ್ಜುವ ನಾರಿನಿಂದ ಉಜ್ಜಿದೆ. ಚರ್ಮ ಕೆಂಪಾಯಿತು, ಮಸಿ ಹೋಗಲಿಲ್ಲ. “ಸಾಕು ಬಿಡೇ,” ಎಂದರು. ನಲ್ಲಿ ನಿಲ್ಲಿಸಿದೆ.

ಇಂತಿ,
ನಿಮ್ಮ ಮಸಿ ತೊಳೆಯಲಾಗದ,
ಹಾಸ್ಟೆಲಿನ ತಟ್ಟೆ ತೊಳೆಯುವವಳು